ಗಿಳಿಯ ಕಣ್ಣಿಗೆ ಮಣ್ಣೆರಚಲು ಹೊರಟವನಿಗೆ

ಅದೇ ಮನೆ, ಪಂಜರದ ಪಕ್ಕದ ಕುರ್ಚಿ
ತಾ. ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ (ಇದು ಬರೀ ಅಭ್ಯಾಸಬಲ) ತಮ್ಮನಿಗೆ,

ಕ್ಷೇಮವೇ? ನಿದ್ದೆ ಚೆನ್ನಾಗಿ ಬರುತ್ತಿದೆಯೇ? ಬರುತ್ತಿದ್ದರೆ ನಿನ್ನ ಮನಸ್ಸಾಕ್ಷಿಯನ್ನೊಮ್ಮೆ ಡಾಕ್ಟರಿಗೆ ತೋರಿಸು. ನನ್ನ ಮುರಿದ ಕಾಲು ಕೂಡುತ್ತಿದೆ. ನಿನ್ನ ಜೊತೆ ನಾನು ಕೂಡುವ ಲಕ್ಷಣ ಮಾತ್ರ ಕಾಣೆ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದವನ್ನು ನಿನ್ನ ಭಾವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನ ನನ್ನ ಗಿಳಿ ಜೋಡಿ ಯಜಮಾನ-ಯಜಮಾನ್ತಿಯರನ್ನು ನಿನಗೊಪ್ಪಿಸಿದ್ದೆ. ನಾನು ಬಂದಾಗ, "ನೋಡಕ್ಕಾ, ಒಂದು ಪುಕ್ಕಾನೂ ಕಮ್ಮಿ ಆಗಿಲ್ಲ" ಎಂದು ಎದೆಯುಬ್ಬಿಸಿ, ಊಟಕ್ಕೂ ನಿಲ್ಲದೆ ಓಡಿದೆ. ಆಗಲೇ ಅನುಮಾನ ಬರಬೇಕಿತ್ತು. ನೀನು ಊಟ ಬಿಟ್ಟು ಹೋಗುವ ಆಸಾಮಿಯೇ? ಅಂದಿನಿಂದ ಯಜಮಾನ ತನ್ನ ಯಜಮಾನ್ತಿಗೆ ಬೆನ್ನು ತಿರುಗಿಸಿ ಕೂತಿದ್ದಾನೆ. ಹತ್ತಿರ ಬಂದರೆ ಕುಕ್ಕುತ್ತಾನೆ, ಕಾಳು ಮುಟ್ಟುವುದಿಲ್ಲ, ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತಿದ್ದಾನೆ.

ಹಕ್ಕಿ ಡಾಕ್ಟರು ನೇರಳೆ ದೀಪ ಹಾಕಿ, ಹೋದ ವರ್ಷ ತಪಾಸಣೆಯಲ್ಲಿ ಅದೇ ದೀಪದಡಿ ತೆಗೆದ ಯಜಮಾನ್ತಿಯ ಫೋಟೋ ಪಕ್ಕಕ್ಕೆ ಹಿಡಿದರು. ಫೋಟೋದವಳ ನೆತ್ತಿ ಮಿನುಗುತ್ತಿತ್ತು, ಪಂಜರದವಳ ಕೆನ್ನೆ. "ಇದು ಬೇರೆ ಹಕ್ಕಿ ಕಣಮ್ಮಾ. ನಮ್ ಕಣ್ಣು ಮೂರು ಬಣ್ಣದಲ್ಲಿ ಸಂಸಾರ ಮಾಡುತ್ತೆ, ಇವುಕ್ಕೆ ನಮಗೆ ಕಾಣದ ನಾಲ್ಕನೇದೂ ಇದೆ" ಎಂದರು. ಕೆಂಪು, ಹಳದಿಯನ್ನು ಗಿಳಿ ತನ್ನ ಪುಕ್ಕದಲ್ಲೇ ತಯಾರಿಸಿಕೊಳ್ಳುತ್ತದಂತೆ. ಹಸಿರೆಂದರೆ ಪುಕ್ಕದ ನೇಯ್ಗೆಯಿಂದ ಚಿಮ್ಮುವ ನೀಲಿಗೆ ಬೆರೆತ ಹಳದಿಯಂತೆ. ಈ ಶೃಂಗಾರವೆಲ್ಲ ಜೋಡಿಯ ಕಣ್ಣಿಗೆ, ನನ್ನ ನಿನ್ನ ಕಣ್ಣಿಗಲ್ಲ. ಹದಿನಾರು ವರ್ಷ ಪೇಂಟ್ ಅಂಗಡಿಯಲ್ಲಿ ಗೋಡೆಯ ಬಣ್ಣಕ್ಕೆ ಬಣ್ಣ ಹೊಂದಿಸಿದ ನಾನು ಅಂಗೈಯಗಲದ ಹಸಿರಿಗೆ ಮೋಸಹೋದೆ. ಉರಿ ಅದಕ್ಕೇ. ನಿನ್ನ ಬಣ್ಣ ಬಯಲು ಮಾಡಿದ್ದು ಬಣ್ಣದವಳಲ್ಲ, ಹಸಿದು ಕೂತ ಒಂದು ಹಕ್ಕಿ.

ನೀನು ಫೋಟೋ ತೆಗೆಯಲು ಪಂಜರ ತೆರೆದದ್ದನ್ನು ಕೆಳಗಿನ ಮನೆಯವರು ಹೇಳಿದರು. "ಹಾರಿಹೋಯ್ತಕ್ಕಾ" ಅನ್ನಲು ಒಂದು ಉಸಿರು ಸಾಕಿತ್ತು. ನೀನು ಊರೆಲ್ಲ ಸುತ್ತಿ ಹಸಿರು ಸುಳ್ಳೊಂದನ್ನು ಕೊಂಡು ತಂದೆ. ಪಾಪ, ಹೊಸಬಳಿಗೆ ಬೇರೆ ಪಂಜರ ಕೊಟ್ಟಿದ್ದೇನೆ. ಅವಳ ತಪ್ಪೇನಿದೆ?

ಆಶೀರ್ವಾದವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ನಿನ್ನ ಅಕ್ಕ
(ಬದಲಿ ಅಂಗಡಿಯಲ್ಲಿ ಸಿಗುವುದಿಲ್ಲ)

ತಾ.ಕ.: ಯಜಮಾನ್ತಿ ಎರಡು ದಿನದಿಂದ ಹಿಂದಿನ ಮನೆಯ ನೀರಿನ ಟ್ಯಾಂಕ್ ಮೇಲಿದ್ದಾಳೆ! ನಿನ್ನ ಹಳದಿ ಅಂಗಿಯ ಹೆಗಲಿಗಲ್ಲದೆ ಅವಳು ಬೇರೆಲ್ಲಿಗೂ ಇಳಿಯುವವಳಲ್ಲವಲ್ಲ, ಅದಕ್ಕೇ ನೀನು ಇಲ್ಲಿ ಬಿಟ್ಟುಹೋದ ಆ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ನಾನೇ ತೊಟ್ಟು, ಊರುಗೋಲಿನಲ್ಲಿ ಅವರ ತಾರಸಿ ಹತ್ತಿದೆ. ಕಿರುಚಿ ದೂರ ಸರಿದಳು. ಸೋಪಿನ ಪುಡಿಯ ಹೊಳಪು ಬಟ್ಟೆಯಲ್ಲಿ ಉಳಿದು ಆ ನಾಲ್ಕನೇ ಬಣ್ಣವನ್ನೇ ಕೆಡಿಸಿರುತ್ತೆ, ಅವಳ ಕಣ್ಣಿಗೆ ಅದು ಯಾರದೋ ಅಂಗಿ ಆಗಿರಬೇಕು ಅಂತಾರೆ ಡಾಕ್ಟರು. ಅಂಥದೇ ಇನ್ನೊಂದು ನಿನ್ನ ಮಂಚದ ಕೆಳಗೆ ತಿಂಗಳುಗಳಿಂದ ಮುದುರಿ ಬಿದ್ದಿರುತ್ತದೆ. ಒಗೆಯಬೇಡ! ಅವಳಿಗೆ ಗುರುತಿರುವುದು ಆ ಮಾಸಲು ಹಳದಿಯೇ. ಹುಟ್ಟಿದಾಗಿನಿಂದ ಮೊದಲ ಸಲ ನಿನ್ನ ಸೋಮಾರಿತನಕ್ಕೆ ಕೈಮುಗಿಯುತ್ತಿದ್ದೇನೆ. ಹಾಗೇ ತೊಟ್ಟು ಭಾವನ ಜೊತೆಗೇ ಹೊರಡು. ಮೊದಲು ಟ್ಯಾಂಕ್, ಆಮೇಲೆ ಬೈಗುಳ, ಅವತ್ತು ಬಿಟ್ಟುಹೋದ ಊಟ ಕೊನೆಗೆ.