ಅವ್ವನ ಅಟ್ಟದ ಹಲಗೆಗಳು

ನಿಪ್ಪಾಣಿ
೧೨ ಫೆಬ್ರುವರಿ ೨೦೧೨

ತೀರ್ಥರೂಪ ಅಪ್ಪಾ ಅವರಿಗೆ ಬ್ರಾಹ್ಮಿಯ ಜಯ ಜಿನೇಂದ್ರ.

ಹೊಸ ಮನೆಯಲ್ಲಿ ನಿಮಗೆಂದು ಕಟ್ಟಿಸಿದ ಕೋಣೆಗೆ ಕಟ್ಟಿಗೆಯ ನೆಲ ಬೇಕು, ಆದರೆ ಅದಕ್ಕಾಗಿ ಒಂದು ಗಿಡವನ್ನೂ ಕಡಿಯಬಾರದು ಎಂದು ನಾನು ಹಟ ಹಿಡಿದೆ. ನೀವು ಯಡೂರಿನ ಮನೆಯ ಅಟ್ಟವನ್ನೇ ಬಿಚ್ಚಿಸಿ ಸಾಗವಾನಿ ಹಲಗೆ ಕಳಿಸಿದಿರಿ. ಯಾವ ಅಡವಿಗೂ ಕೊಡಲಿ ಬೀಳಲಿಲ್ಲವೆಂದು ಹಿಗ್ಗಿದ್ದೆ.

ಹಲಗೆಗಳಿಗೆ ಗೆದ್ದಲು ಹತ್ತಿತ್ತು. ಬಿಸಿಲಿಗೆ ಹಾಕಿದರೆ ತಾವಾಗಿಯೇ ಬಿಟ್ಟು ಹೋದಾವು ಎಂದುಕೊಂಡು ಬಸದಿಗೆ ಹೋದೆ. ಬರುವಷ್ಟರಲ್ಲಿ ಅಂಗಳದ ತುಂಬ ಔಷಧದ ವಾಸನೆ. ಬಡಿಗ ಜ್ಞಾನದೇವ ನಗುತ್ತ ನಿಂತಿದ್ದ.

"ಅಕ್ಕಾರ, ಎಣ್ಣಿ ಹೊಡದೇನ್ರಿ. ಒಂದೂ ಉಳದಿಲ್ಲ ನೋಡ್ರಿ."

ಅವನನ್ನು ಏನೆಂದು ಬಯ್ಯಲಿ? ಗಿಡದ ಬಗ್ಗೆ ಅಷ್ಟೆಲ್ಲ ಹೇಳಿದ ನಾನು ಗೆದ್ದಲಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ನೆಲ ಮುಗಿದಿದೆ. ಚೆಂದವೂ ಇದೆ. ಆದರೆ ಅಷ್ಟು ಜೀವ ಹೋದ ಹಲಗೆಗಳ ಮೇಲೆ ನಿಮ್ಮನ್ನು ಮಲಗಿಸಲಾರೆ; ಗೃಹಪ್ರವೇಶಕ್ಕೆ ಬಂದಾಗ ನಿಮಗೆ ಪಡಸಾಲೆಯಲ್ಲೇ ಹಾಸುತ್ತೇನೆ. ಎಲ್ಲರೆದುರು ಆ ಮಾತು ಎತ್ತಬೇಡಿ. ನಿಮ್ಮ ಚಾಪೆ ಮರೆಯದೆ ತನ್ನಿ.

ಅಟ್ಟ ಹತ್ತಿದಾಗಲೆಲ್ಲ ಅವ್ವ ಸೆರಗಿನಿಂದ ಇರುವೆಗಳನ್ನು ಮೆಲ್ಲಗೆ ಸರಿಸಿ, ಆಮೇಲೆ ಆ ಹಲಗೆಗಳ ಮೇಲೆ ಕಾಲಿಡುತ್ತಿದ್ದಳು. ನಿನ್ನೆ ಆ ಕೋಣೆಗೆ ಕಾಲಿಡುವ ಮುನ್ನ ನಾನೂ ಸೆರಗು ಹಿಡಿದು ಬಗ್ಗಿದೆ. ಸರಿಸಲು ಏನೂ ಇರಲಿಲ್ಲ.

ನಿಮ್ಮ ಮಗಳು
ಬ್ರಾಹ್ಮಿ