ಚಹಾ ತಡವಾದ ದಿನದ ಹಾಡು

ಬೈಲಹೊಂಗಲ
೧೪ ಜುಲೈ ೨೦೨೪, ರವಿವಾರ

ಚಿ. ಸೌ. ಶೀತಲಳಿಗೆ ನಿನ್ನ ಸರ ಮಡಿವಾಳೆಪ್ಪನ ಆಶೀರ್ವಾದಗಳು.

ನಾವು ಇಲ್ಲಿ ಸುಖ, ನೀವೂ ಅಲ್ಲಿ ಸುಖವೆಂದು ನಂಬಿದ್ದೇವೆ ಎಂದು ಬರೆದರೆ ಮೊದಲ ಸಾಲಿನಲ್ಲೇ ಅರ್ಧ ಸುಳ್ಳಾಗುತ್ತದೆ. ನಮ್ಮ ಮನೆಯವಳು ಗಂಗಾ ಸುಖವಾಗಿದ್ದಾಳೆ, ನಾನು ಮನೆಯಲ್ಲಿದ್ದೇನೆ, ಅಷ್ಟು ತಿಳಿ. ನಿನ್ನ ಮಗಳಿಗೆ ಹೆಸರಿಟ್ಟ ಕಾರ್ಡು ಸವದತ್ತಿಯಿಂದ ಬಂದು ಒಂದೂವರೆ ವರ್ಷವಾಯಿತು. ಉತ್ತರ ಬರೆಯಲಿಲ್ಲ. ತಪ್ಪು ನನ್ನದು, ಕ್ಷಮಿಸು. ಈ ವಾರ ಮೂರು ಸಲ ನಿನ್ನ ನಂಬರು ಒತ್ತಿ ಕಟ್ ಮಾಡಿದೆ. ಫೋನು ಹಿಡಿದರೆ ನಾನು ಪಾಠ ಮಾಡಲು ಶುರು ಮಾಡುತ್ತೇನೆ. ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ಓದಿದವಳು ನೀನು, ನಿನಗೆ ಹೇಳಬೇಕೆ?

ನನ್ನ ಸುದ್ದಿಯನ್ನು ನಿಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಪೇಪರಿನಲ್ಲಿ ಓದಿರುತ್ತೀ. ‘ಮಾತು ನುಂಗಿದ ಪ್ರಾಧ್ಯಾಪಕ’ ಎಂದು ತಲೆಬರಹ ಹಾಕಿದ್ದರು. ಅವರು ಬರೆದದ್ದು ಅರ್ಧ. ಪೂರ್ತಿಯನ್ನು ನಿನಗೆ ನಾನೇ ಹೇಳಬೇಕು.

ರಾಮದುರ್ಗದ ದೊಡ್ಡಮನೆಯವರು ನಿನಗೆ ಗೊತ್ತು. ಯಜಮಾನ ಮಹಾಂತಪ್ಪನವರು ನಮ್ಮ ವಿಶ್ವವಿದ್ಯಾಲಯದ ಸಿಂಡಿಕೇಟ್ ಸದಸ್ಯರು. ಅವರ ಮನೆತನದ ಹಿರಿಯ ಬಸಲಿಂಗಪ್ಪ ಎಂಬವನು ಕಿತ್ತೂರಿನ ಯುದ್ಧದಲ್ಲಿ ಕಾದಾಡಿದ ವೀರ ಎಂದು ಆ ಮನೆಯವರ ನಂಬಿಕೆ. ಅವನ ಹೆಸರಿನಲ್ಲಿ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ಪೀಠ ಆಗುವುದಿತ್ತು. ಹೋದ ವರ್ಷ ಅದೇ ಹೊತ್ತಿಗೆ ನನ್ನ ಲೇಖನ ಬಂತು. ನೀನು ನಮ್ಮಲ್ಲಿಗೆ ಬರುವ ಮೊದಲೇ, ೨೦೧೩ರ ಬೇಸಿಗೆಯಲ್ಲಿ, ನಾನು ಅದೇ ದೊಡ್ಡಮನೆಯಲ್ಲಿ ಹೆಂಗಸರ ಒಂದು ಹಾಡು ರೆಕಾರ್ಡ್ ಮಾಡಿಕೊಂಡಿದ್ದೆ. ಶ್ಯಾವಿಗೆ ಹೊಸೆಯುವ ದಿನ ಅದು. ಹಾಡಿದವಳು ದೇಗಾಂವದ ಕಾಡವ್ವ, ಆಗ ಮಗಳ ಮನೆಗೆಂದು ರಾಮದುರ್ಗಕ್ಕೆ ಬಂದಿದ್ದಳು.

ಕುದರಿ ಬಂದಾವಂತ ಕೇಳಿ ಓಡ್ಯಾನ
ಹಿತ್ತಲ ಹಗೇವಿಗಿ ಹಾರ್ಯಾನ
ಬಸಲಿಂಗಪ್ಪ ಧಣಿ ಜ್ವಾಳಾಗಿ ಕುಂತಾನ
ಮ್ಯಾಲ ಮುಚ್ಚಳ ಎಳಕೊಂಡಾನ

ವೈರಿಯ ಕುದುರೆಗಳು ಬಂದವೆಂದು ನೆಲದೊಳಗಿನ ಜೋಳದ ಹಗೇವಿನಲ್ಲಿ ಅಡಗಿ ಕುಳಿತ ಧಣಿ! ನನಗೆ ಕುಣಿದಾಡುವಷ್ಟು ಸಂತೋಷವಾಗಿತ್ತು. ಗಂಡಸರು ಕಟ್ಟಿದ ಚರಿತ್ರೆ ಮುಚ್ಚಿಟ್ಟದ್ದನ್ನು ಹೆಂಗಸರ ಹಾಡು ಉಳಿಸಿಕೊಂಡಿದೆ ಎಂದು ಹದಿನೆಂಟು ಪುಟ ಬರೆದೆ. ಬರಹ ಚೆನ್ನಾಗಿಯೇ ಇತ್ತು, ಅದರಲ್ಲಿ ಸಂಶಯ ಬೇಡ.

ಮೊದಲು ನೋಟೀಸು ಬಂತು. ಜನವರಿಯಲ್ಲಿ ಅಮಾನತು. ಜೊತೆಗೆ ಒಂದು ಮುಚ್ಚಳಿಕೆ ಪತ್ರದ ಕರಡು: ದೊಡ್ಡಮನೆಯನ್ನು ಅವಮಾನಿಸಲೆಂದೇ ಸುಳ್ಳು ಬರೆದಿದ್ದೇನೆ, ಕ್ಷಮೆ ಕೇಳುತ್ತೇನೆ, ಇನ್ನು ಮುಂದೆ ಏನು ಪ್ರಕಟಿಸುವುದಿದ್ದರೂ ಮೊದಲು ಸಮಿತಿಗೆ ತೋರಿಸುತ್ತೇನೆ. ಇದಕ್ಕೆ ಸಹಿ ಮಾಡಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಹರಿದು ಹಾಕಿದೆ. (ಹರಿದದ್ದು ಜೆರಾಕ್ಸ್ ಪ್ರತಿ. ಮೂಲವನ್ನು ಗಂಗಾ ಫೈಲಿನಲ್ಲಿ ಇಟ್ಟಿದ್ದಳು.) ವಿದ್ಯಾರ್ಥಿಗಳು ಗೇಟಿನಲ್ಲಿ ಧರಣಿ ಕುಳಿತರು. ಅವರ ಮುಖಂಡ ಬಾಳು ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ. ಧಾರವಾಡದಿಂದ, ಬೆಂಗಳೂರಿನಿಂದ ಸಹಿ ಮಾಡಿದ ಬೆಂಬಲ ಪತ್ರಗಳು ಬಂದವು. ಸುಳ್ಳು ಯಾಕೆ ಹೇಳಲಿ ಶೀತಲ, ಆ ಎರಡು ತಿಂಗಳು ನನಗೆ ಬಹಳ ಹಿತವಾಗಿತ್ತು. ಐವತ್ತೇಳನೆಯ ವಯಸ್ಸಿನಲ್ಲಿ ಹೀರೋ ಆಗುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ.

ಏಪ್ರಿಲ್‌ನಲ್ಲಿ ವಿಚಾರಣೆ ಎಂದು ಗೊತ್ತಾಯಿತು. ನನ್ನ ಪರವಾಗಿ ನಿಂತವನು ಇಲ್ಲಿಯ ವಕೀಲ ಖಾಸಿಮಸಾಬ, ಸಾಲಿಯಲ್ಲಿ ಒಂದೇ ಬೆಂಚಿನವರು ನಾವು. ಕಾಡವ್ವನ ಹೇಳಿಕೆ ಬರೆಸಿಕೊಂಡರೆ ಬಲ ಬರುತ್ತದೆ ಎಂದು ನನಗೇ ಹೊಳೆಯಿತು. ಅಮಾನತಿನಲ್ಲಿದ್ದವನು ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಆದರೂ ಒಂದು ಮುಂಜಾನೆ ಕಿತ್ತೂರಿನ ಬಸ್ಸು ಹತ್ತಿ ದೇಗಾಂವಕ್ಕೆ ಹೋದೆ. ಕಾಡವ್ವನಿಗೆ ಎಂಬತ್ತು ದಾಟಿದೆ, ಕಣ್ಣು ಮಂದ, ಕಿವಿ ಮಾತ್ರ ಚುರುಕು. ಕಟ್ಟೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮೊಬೈಲಿಗೆ ಹಾಕಿಕೊಂಡಿದ್ದ ಅವಳದೇ ಹಾಡು ಹಚ್ಚಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕದ್ದು ನಕ್ಕದ್ದೇ.

“ಅಯ್ಯ ನಮ್ಮಪ್ಪಾ! ಇದನ್ನ ಇನ್ನೂ ಇಟಗೊಂಡ ಅಡ್ಯಾಡತೀರೇನ್ರಿ? ಅವತ್ತ ಚಾ ಬರಲಿಲ್ರಿ ಸರ. ಮುಂಜಾನಿಂದ ಹಿಟ್ಟ ನಾದಿ ನಾದಿ ರಟ್ಟಿ ಸೋತಿದ್ವು. ಒಳಗ ಆ ದೊಡ್ಡಮನಿ ಅವ್ವಾರು ಚಾ ಮರತs ಬಿಟ್ಟಿದ್ರು. ಅದಕ್ಕ ಅವರ ಹಿರ್ಯಾನ್ನ ಹಗೇವಿನಾಗ ಇಳಿಸಿದ್ವಿ.”

“ಇಳಿಸಿದಿ ಅಂದ್ರ?”

“ಶ್ಯಾವಿಗಿ ಹಾಡಂದ್ರ ಹಂಗs ಅಲ್ರಿ. ಯಾರ ಮನ್ಯಾಗ ಕುಂತೇವಿ ಅವರ ಹಿರ್ಯಾರ ಹೆಸರ ಹಚ್ಚೋದು. ಚಾ ಬರೂತನಕ ಮ್ಯಾಲ ಬಿಡೂದಿಲ್ಲ. ಅವತ್ತ ಇಳಿಸಿದ ಕೂಡ್ಲೆ ಚಾನೂ ಬಂತು, ಚುರಮರಿನೂ ಬಂತು, ಹಾಡಿನಾಗs ಅವನ್ನ ಮ್ಯಾಲ ತಗದ್ವಿ. ನಿಮ್ಮ ಪೆಟಗಿ ಅಷ್ಟೊತ್ತಿಗೆ ಬಂದ್ ಆಗಿತ್ತೇನು?”

ಆಗಿತ್ತು. ನಾನು ಆಗಲೂ ಬಿಡದಿದ್ದ ಹಳೆಯ ಕ್ಯಾಸೆಟ್ಟಿನ ಒಂದು ಬದಿ ಅಲ್ಲಿಗೆ ಮುಗಿದಿತ್ತು. ನಾನು ಪಡಸಾಲೆಯಲ್ಲಿ ಗಂಡಸರ ಜೊತೆ ಗಾದಿಯ ಮೇಲೆ ಕುಳಿತಿದ್ದೆ, ಯಂತ್ರವನ್ನಷ್ಟೇ ಒಳಗೆ ಕಳಿಸಿದ್ದೆ. ನಮಗೆ ಹೊರಗೆ ಎರಡೆರಡು ಸಲ ಚಹಾ ಬಂದಿತ್ತು.

“ಹಂಗಾರ ಬಸಲಿಂಗಪ್ಪ ಅಡಗಿ ಕುಂತಿದ್ದು ಸುಳ್ಳೇನಬೇ?” ಎಂದು ಕೇಳಿದೆ.

“ಖರೆನೋ ಸುಳ್ಳೋ ನಮಗೇನ ಗೊತ್ರಿ? ನಾವೇನ ಇಣಿಕಿ ನೋಡಿದ್ವೇನು? ನಿಮ್ಮಪ್ಪಾರ ಹೆಸರ ಏನ ಹೇಳ್ರಿ.”

ಈರಪ್ಪ ಮಾಸ್ತರ ಎಂದೆ. ಬೆಳ್ಳುಳ್ಳಿಯ ಮೊರ ಬದಿಗಿಟ್ಟು ಅದೇ ಧಾಟಿಯಲ್ಲಿ ನನ್ನ ಅಪ್ಪನನ್ನು ಹಗೇವಿಗೆ ಹಾರಿಸಿದಳು. ಬಾಡಿಗೆ ಮನೆಯಲ್ಲೇ ಜನ್ಮ ಕಳೆದ ಕನ್ನಡ ಸಾಲಿ ಮಾಸ್ತರ ನಮ್ಮಪ್ಪ, ಹಗೇವು ಎಲ್ಲಿಂದ ಬರಬೇಕು? ಆದರೆ ಹಾಡು ಕೇಳಿದರೆ ನೀನೂ ನಂಬುತ್ತಿದ್ದೆ. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಕಟ್ಟಿದ್ದಲ್ಲದೆ ಹದಿನೆಂಟು ಪುಟದ ಮೇವನ್ನೂ ಹಾಕಿದ್ದೆ.

ಬಸ್ಸಿನಲ್ಲಿ ಬರುವಾಗ ಮೊದಲು ನಗು ಬಂತು, ಆಮೇಲೆ ಹೆದರಿಕೆ. ಹೆದರಿದೆ ಎಂದೇ ಬರೆಯುತ್ತೇನೆ. ಗೇಟಿನಲ್ಲಿ ಕುಳಿತ ಆ ಮಕ್ಕಳಿಗೆ ಯಾವ ಮುಖ ತೋರಿಸಲಿ? ನೇರ ಖಾಸಿಮಸಾಬನ ಆಫೀಸಿಗೆ ಹೋಗಿ ಹೇಳಿದೆ. ಅವನು ಪಕ್ಕಾ ವಕೀಲ.

“ಮಡಿವಾಳ್ಯಾ, ಆ ಮುದುಕಿ ಮಾತು ನಿನ್ನ ಹೊಟ್ಟ್ಯಾಗ ಇರಲಿ. ನಮ್ಮ ಕೇಸ ನಿಂತದ್ದು ನಿನ್ನ ಬರಿಯೋ ಹಕ್ಕಿನ ಮ್ಯಾಲ. ಹಗೇವಿನಾಗ ಯಾರಿದ್ರು ಅಂತ ಅಲ್ಲಿ ಯಾರೂ ಕೇಳಂಗಿಲ್ಲ.”

“ನನಗ ಗೊತ್ತಾತಲ್ಲೋ!”

“ಗೊತ್ತಾಗಿದ್ದನ್ನೆಲ್ಲಾ ಹೇಳಿದ್ರ ನಾವ್ಯಾಕ ಬೇಕಪಾ ಕೋರ್ಟಿನಾಗ?”

ಅವನ ಮಾತು ಕಾನೂನಿನಲ್ಲಿ ಸರಿ ಇತ್ತು. ನಾಲ್ಕು ದಿನ ನಾನು ಅದನ್ನೇ ಹಿಡಿದು ಕುಳಿತೆ. ಗಂಗಾ ಎಷ್ಟು ಬಡಿಸಿದರೂ ಒಂದೇ ಭಕ್ಕರಿ ತಿಂದು ಏಳುತ್ತಿದ್ದೆ. ಐದನೆಯ ದಿನ ಅವಳು ಸಿಟ್ಟಿಗೆದ್ದು, “ಸುಳ್ಳ ಹೇಳಾಕ ಬರದವರು ಇಷ್ಟ ದಿನ ಯಾಕ ತಾಲೀಮ ಮಾಡತೀರಿ? ಹೋಗಿ ಹೇಳಿ ಬರ್ರಿ” ಎಂದಳು. ಅವತ್ತು ಎರಡು ಕಾಗದ ಬರೆದೆ.

ವಿಚಾರಣಾ ಸಮಿತಿಯ ಅಧ್ಯಕ್ಷರು ನಿಂಗರಾಜ ಅವರು, ನಿವೃತ್ತ ಪ್ರಾಂಶುಪಾಲರು. ಎದುರಿಗೆ ಮಹಾಂತಪ್ಪನವರೂ ಕುಳಿತಿದ್ದರು. ಮೊದಲ ಕಾಗದ ಓದಿದೆ. ಹಾಡನ್ನು ನಾನು ತಪ್ಪಾಗಿ ತಿಳಿದಿದ್ದೆ, ಅದು ಬಸಲಿಂಗಪ್ಪನ ಬಗ್ಗೆ ಒಳ್ಳೆಯದನ್ನೂ ಹೇಳುವುದಿಲ್ಲ, ಕೆಟ್ಟದ್ದನ್ನೂ ಹೇಳುವುದಿಲ್ಲ, ಲೇಖನ ಅಚ್ಚಾದ ಪತ್ರಿಕೆಗೇ ತಿದ್ದುಪಡಿ ಕಳಿಸಿದ್ದೇನೆ ಎಂದು. ಚಹಾದ ಸಂಗತಿಯನ್ನೂ ಬಿಡದೆ ಹೇಳಿದೆ. ಮಹಾಂತಪ್ಪನವರು ಥಟ್ಟನೆ ನಕ್ಕುಬಿಟ್ಟರು. “ನಮ್ಮವ್ವ ಚಾ ಮರಿಯೂದು ಖರೇನ ಬಿಡ್ರಿ” ಎಂದರು. ಆ ಮನುಷ್ಯನ ಮೇಲೆ ನನಗೆ ಆ ಗಳಿಗೆಯಲ್ಲಿ ಪ್ರೀತಿ ಬಂತು. ಆಮೇಲೆ ಅವರಿಗೆ ಪೀಠ ನೆನಪಾಯಿತೋ ಏನೋ, ಮುಖ ಬಿಗಿದುಕೊಂಡರು.

ನಿಂಗರಾಜ ಅವರು ಮುಚ್ಚಳಿಕೆಯನ್ನು ನನ್ನ ಕಡೆ ಸರಿಸಿದರು. “ತಪ್ಪ ಒಪ್ಪಿಕೊಂಡ್ರಿ, ಛಲೋ ಆತು. ಇನ್ನ ಸಹಿ ಮಾಡಾಕ ಏನ ತ್ರಾಸ?”

ನಾನು ಎರಡನೆಯ ಕಾಗದ ಕೊಟ್ಟೆ, ಬಾಯಿಂದಲೂ ಹೇಳಿದೆ. “ಗೊತ್ತಿದ್ದು ಬರದಿಲ್ರಿ, ಗೊತ್ತಿಲ್ಲದ ಬರದೇನಿ. ಅದು ದಡ್ಡತನ. ದಡ್ಡತನಕ್ಕ ನನ್ನ ಹೆಸರಿನ ಮ್ಯಾಲ ತಿದ್ದುಪಡಿ ಹಾಕೇನಿ. ಆದ್ರ ಮುಂದ ಬರಿಯೋದನ್ನ ನಿಮ್ಮನ್ನ ಕೇಳಿ ಬರಿ ಅಂದ್ರ ಆಗಂಗಿಲ್ಲ. ಈ ತಪ್ಪ ಹಿಡದಾಕಿ ದೇಗಾಂವದ ಕಾಡವ್ವ, ನಿಮ್ಮ ಸಮಿತಿ ಅಲ್ಲ. ನಿಮ್ಮ ಅಪ್ಪಣಿ ಕಾದಿದ್ರ ನಾ ಆಕಿ ಕಟ್ಟಿಗೂ ಹೋಗತಿರಲಿಲ್ಲ.”

“ಅಂದ್ರ ಅಪ್ಪಣಿ ಇಲ್ಲದ ಊರ ಬಿಟ್ಟೀರಿ” ಎಂದು ಅವರು ಬರೆದುಕೊಂಡರು.

ಹೊರಗೆ ಬಂದರೆ ಬಾಳು ನಿಂತಿದ್ದ. ಸುದ್ದಿ ನನಗಿಂತ ಮೊದಲೇ ಗೇಟು ಮುಟ್ಟಿತ್ತು. “ಸರ, ನಾವು ನಿಮ್ಮ ಸಲುವಾಗಿ ಬಿಸಲಾಗ ಕುಂತಿದ್ವಿ. ನೀವು ಅವರ ಕೈಗೇ ಕೋಲ ಕೊಟ್ಟ ಬಂದ್ರಿ” ಎಂದ. ತಪ್ಪನ್ನು ತಾನೇ ತಿದ್ದಿಕೊಳ್ಳುವುದೂ ಅದೇ ಹಕ್ಕಿನ ಭಾಗ ಎಂದು ತಿಳಿಸಿ ಹೇಳಲು ಹೋದೆ. ಬಿಸಿಲು ಬಹಳವಿತ್ತು, ಅವನಿಗೆ ಕೇಳುವ ಮನಸ್ಸಿರಲಿಲ್ಲ. ಮರುದಿನ ಗೇಟಿನಲ್ಲಿ ಯಾರೂ ಇರಲಿಲ್ಲ. ಬೆಂಬಲ ಪತ್ರ ಬರೆದವರಲ್ಲಿ ಒಬ್ಬರು ಮಾತ್ರ ಫೋನು ಮಾಡಿದರು, ಅದೂ ತಮ್ಮ ಹೆಸರು ತೆಗೆಯಿರಿ ಎನ್ನಲು.

ಜುಲೈ ಮೊದಲ ವಾರ ಆದೇಶ ಬಂತು. ಕಡ್ಡಾಯ ನಿವೃತ್ತಿ. ಕಾರಣಗಳಲ್ಲಿ ನನ್ನ ತಿದ್ದುಪಡಿಯನ್ನೇ ತಪ್ಪೊಪ್ಪಿಗೆ ಎಂದು ಸೇರಿಸಿದ್ದಾರೆ. ಖಾಸಿಮಸಾಬ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಐದನೆಯ ದಿನ ತಾನೇ ಬಂದು, “ನೀನು ಭಾರೀ ತ್ರಾಸಿನ ಮನಶ್ಯಾ, ಆದ್ರ ಆ ಮುಚ್ಚಳಿಕಿ ಮ್ಯಾಲ ಹೈಕೋರ್ಟಿಗೆ ಹೋಗೋಣು” ಎಂದು ವಕಾಲತ್ತಿಗೆ ಸಹಿ ಹಾಕಿಸಿಕೊಂಡು ಹೋದ. ಗೆಲ್ಲುತ್ತೇವೋ ಇಲ್ಲವೋ ಗೊತ್ತಿಲ್ಲ. ತರಗತಿ ಇಲ್ಲದ ಸೋಮವಾರಗಳು ನನಗೆ ಕಷ್ಟವಾಗುತ್ತವೆ. ಹತ್ತು ಗಂಟೆಗೆ ಇಸ್ತ್ರಿ ಅಂಗಿ ತೊಟ್ಟು ಕುಳಿತಿರುತ್ತೇನೆ. ಗಂಗಾ ಚಹಾ ತಂದಿಡುತ್ತಾಳೆ.

ಮಳೆ ಚೆನ್ನಾಗಿ ಹಿಡಿದಿದೆ, ನಿಮ್ಮ ಕಡೆಯೂ ಹೆಸರು ಬೆಳೆ ಚೆನ್ನಾಗಿದೆಯಂತೆ. ನಿನ್ನ ಗಂಡ ಕಲ್ಮೇಶನಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಮಗಳಿಗೆ ಗಂಗಾ ಒಂದು ಕುಲಾವಿ ಹೊಲಿದಿಟ್ಟಿದ್ದಳು, ಈಗ ಅದು ಸಣ್ಣದಾಗಿರಬೇಕು. ಬೇರೆ ಹೊಲಿಯುತ್ತಾಳಂತೆ, ತಲೆಯ ಅಳತೆ ಬರೆದು ಕಳಿಸಬೇಕಂತೆ. ನಿನ್ನ ಮನೆ ತುಂಬಿರಲಿ, ನಿನ್ನ ಶಾಲೆಯ ಮಕ್ಕಳು ನಿನ್ನನ್ನು ತಿರುಗಿ ಪ್ರಶ್ನೆ ಕೇಳುವಷ್ಟು ಬೆಳೆಯಲಿ.

ನಿನ್ನ ಸರ,
ಮಡಿವಾಳೆಪ್ಪ

ತಾ.ಕ.: ಈ ಪತ್ರ ಬರೆಯಲು ಕಾರಣವಾದದ್ದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಶುಕ್ರವಾರ ವಿಭಾಗಕ್ಕೆ ಹೋಗಿ ನನ್ನ ಕಪಾಟು ಖಾಲಿ ಮಾಡಿದೆ. ಕೆಳಗಿನ ಖಾನೆಯಲ್ಲಿ ನಿನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯ ಸಿಕ್ಕಿತು, ೨೦೧೭ರದು. ಉಗರಗೋಳದಲ್ಲಿ ಶ್ಯಾವಿಗೆ ಹೊಸೆಯುವ ಹೆಂಗಸರ ಜೊತೆ ನಾಲ್ಕು ದಿನ ಕೂತು ಬರೆದಿದ್ದೀ. ಈ ಹಾಡುಗಳಲ್ಲಿ ಬರುವ ಹೆಸರು ಕೆಲಸ ನಡೆಯುವ ಮನೆಯದು, ಅದನ್ನು ಮನೆತನದ ಚರಿತ್ರೆಗೆ ಆಧಾರ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿದ್ದೀ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಅಕ್ಷರ: ‘ಇದು ಅಡುಗೆಮನೆಯ ಮಾತು, ಸಂಶೋಧನೆಯಲ್ಲ. ಈ ಭಾಗ ತೆಗೆಯುವವರೆಗೆ ನನ್ನ ಸಹಿ ಸಿಗುವುದಿಲ್ಲ.’

ನನಗೆ ಇದು ನೆನಪೇ ಇರಲಿಲ್ಲ ಶೀತಲ. ದೇಗಾಂವದ ಕಟ್ಟೆಯ ಮೇಲೆ ಕೂತಾಗಲೂ ನೆನಪಾಗಲಿಲ್ಲ. ನನಗೆ ಸಮಿತಿಯಾದರೂ ಇತ್ತು, ವಕೀಲನಿದ್ದ, ಹಾರ ಹಾಕುವವರಿದ್ದರು. ನಿನಗೆ ನಾನೊಬ್ಬನೇ ಇದ್ದೆ. ಪತ್ರಿಕೆಗೆ ಇನ್ನೊಂದು ತಿದ್ದುಪಡಿ ಬರೆದಿದ್ದೇನೆ, ಇದನ್ನು ಮೊದಲು ಕಂಡವಳು ನೀನು, ತಡೆದವನು ನಾನು ಎಂದು. ಅದರಿಂದ ನಿನಗೆ ಏನೂ ಆಗುವುದಿಲ್ಲ, ಗೊತ್ತು.

ನೀನು ಪ್ರಬಂಧ ಬಿಟ್ಟು ಹೋದಾಗ, ಮದುವೆ ಗೊತ್ತಾಯಿತು ಅಂತ ಬಿಟ್ಟಳು, ಹುಡುಗಿಯರದು ಇಷ್ಟೇ ಎಂದು ಇಡೀ ವಿಭಾಗಕ್ಕೆ ಹೇಳಿಕೊಂಡು ತಿರುಗಿದವನು ನಾನು. ಏಳು ವರ್ಷ ನಾನೂ ಅದನ್ನೇ ನಂಬಿದ್ದೆ. ನಿನ್ನ ಮದುವೆಯಾದದ್ದು ಅದಾಗಿ ಮೂರು ವರ್ಷಕ್ಕೆ ಎಂದು ನಿನ್ನೆ ಗಂಗಾ ಲಗ್ನಪತ್ರಿಕೆ ತೆಗೆದು ತೋರಿಸಿದಳು.