ಭಾವನ ಗಾಡಿ ಸೋರಿದ್ದು

ಮಾರ್ಚ್ 4, ಬೆಳಿಗ್ಗೆ 6.50

ಇವತ್ತೂ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟೆ. ಭಾವ ಹೇಳಿಕೊಟ್ಟಂತೆಯೇ — ಚೋಕ್ ಅರ್ಧ, ಆಕ್ಸಿಲರೇಟರ್ ಮುಟ್ಟುವಂತಿಲ್ಲ. ಆಫ್ ಮಾಡಿ ಇಳಿದರೆ ಮುಂದಿನ ಬಂಪರ್ ಕೆಳಗೆ ಅಂಗೈಯಗಲ ಒದ್ದೆ. ಬೆಕ್ಕಿನ ಕೆಲಸ ಅಂದುಕೊಂಡೆ. ಬೆರಳಿಟ್ಟು ಮೂಸಿದೆ. ಬೆಕ್ಕಲ್ಲ. ಬೆಚ್ಚಗಿತ್ತು.

ಒರೆಸಿದೆ. ಅಂಗಡಿಗೆ ಹೊತ್ತಾಯಿತು.

ಮಾರ್ಚ್ 4, ಮಧ್ಯಾಹ್ನ, ಅಂಗಡಿಯಲ್ಲಿ

ಕಣ್ಣು ಪರೀಕ್ಷೆಗೆ ಬಂದ ಹೆಂಗಸಿಗೆ ಒಂದೇ ಲೆನ್ಸನ್ನು ಮೂರು ಸಲ ಹಾಕಿ "ಇದು ಚೆನ್ನಾಗಿದೆಯಾ, ಅದಾ?" ಅಂತ ಕೇಳಿದೆ. ಮೂರನೇ ಸಲ "ಈಗ ಸ್ಪಷ್ಟ" ಅಂದರು. ನನಗೇ ಯಾವುದೂ ಸ್ಪಷ್ಟವಿಲ್ಲ.

ಬರೆದೇ ಬಿಡುತ್ತೇನೆ. ಇದನ್ನು ಓದುವವರು ಯಾರಿದ್ದಾರೆ? ಭಾನುವಾರ ಗಾಡಿಯನ್ನು ಹೊರಗೆ ಓಡಿಸಿದ್ದೆ.

ಆಸ್ಪತ್ರೆ ಸೇರುವ ದಿನ ಕೀಲಿ ಕೊಡುತ್ತ ಭಾವ ಹೇಳಿದ್ದು ಇಷ್ಟು: "ಮಂಗನ ಕೈಗೆ ಮಾಣಿಕ್ಯ ಕೊಡ್ತಿದೀನಿ, ಗೊತ್ತು. ಬೇರೆ ಗತಿಯಿಲ್ಲ. ಸ್ಟಾರ್ಟ್ ಮಾಡು, ನಿಲ್ಲಿಸು. ಶೆಡ್ಡಿಂದ ಒಂದಡಿ ಆಚೆ ಬರಬಾರದು." ಅಕ್ಕನ ಮದುವೆಯಾಗಿ ಇಪ್ಪತ್ತಾರು ವರ್ಷ. ಅವರು ನನ್ನನ್ನು ನಂಬಿ ಕೊಟ್ಟ ಮೊದಲ ವಸ್ತು ಆ ಕೀಲಿ. ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿಯ ಕಾರು. ಗುಜರಿಯಿಂದ ತಂದು ಒಂಬತ್ತು ವರ್ಷ ಕೂತು ಜೀವ ತುಂಬಿದ್ದಾರೆ. ನಾನು ಆರನೇ ದಿನಕ್ಕೇ ಸೇತುವೆ ದಾಟಿಸಿ ದಿಬ್ಬದ ತುದಿಯವರೆಗೆ ಹೋಗಿ ಬಂದೆ. ಯಾಕೆ ಅಂದರೆ... ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿರುವುದು ಎಷ್ಟು ದಿನ ಸಾಧ್ಯ?

ಮಾರ್ಚ್ 4, ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಆಪರೇಷನ್ ಹನ್ನೆರಡನೇ ತಾರೀಕು. ಅಷ್ಟರೊಳಗೆ ಶುಗರ್, ಬಿಪಿ ಎರಡೂ ಇಳಿಯಬೇಕು. ಅಕ್ಕ ನನ್ನನ್ನು ಕಾರಿಡಾರಿಗೆ ಎಳೆದುಕೊಂಡು ಹೋಗಿ ಹೇಳಿದಳು, "ಹಾರ್ಟಿನ ವಿಷಯ ಕಣೋ. ಯಾವ ಯೋಚನೇನೂ ಹಚ್ಚಬಾರದಂತೆ."

ಒಳಗೆ ಭಾವನ ಮೊದಲ ಪ್ರಶ್ನೆ: "ಗಾಡಿ?"

"ಬೊಂಬಾಟ್," ಅಂದೆ.

ಮಾರ್ಚ್ 5

ತಟ್ಟೆ ಇಟ್ಟು ಅಳೆದೆ. ಗಂಟೆಗೆ ನಲವತ್ತು ಹನಿ. ಎದುರುಮನೆಯ ವ್ಯಾನ್ ಡ್ರೈವರ್ ಬಗ್ಗಿ ನೋಡಿದ. "ರೇಡಿಯೇಟರ್ ನೀರು, ಅಷ್ಟೇನಾ? ಕೋಳಿಮೊಟ್ಟೆ ಒಡೆದು ಬಿಳಿ ಭಾಗ ರೇಡಿಯೇಟರಿಗೆ ಹಾಕಿ. ಬಿಸಿಗೆ ಬೆಂದು ತೂತಿಗೆ ಹೋಗಿ ಕೂರುತ್ತೆ. ನಮ್ಮಪ್ಪನ ಕಾಲದ ಮದ್ದು." ಒಂದು ಸಾಕು ಅಂದಿದ್ದ. ನಾನು ಮೂರು ಹಾಕಿದೆ.

ಮಾರ್ಚ್ 6

ನಿಂತಿದೆ! ತಟ್ಟೆ ಒಣಗಿದೆ!

ಆಸ್ಪತ್ರೆಯಲ್ಲಿ ಭಾವನ ಜೊತೆ ಒಂದು ಗಂಟೆ ಹರಟಿದೆ. ಅಕ್ಕನಿಗೇ ಅನುಮಾನ — "ಏನೋ ಇಷ್ಟೊಂದು ಗೆಲುವು?"

ಮಾರ್ಚ್ 7, ಬೆಳಿಗ್ಗೆ 7.15

ನಾಲ್ಕನೇ ನಿಮಿಷಕ್ಕೆ ಶಾಖದ ಮುಳ್ಳು ಕೆಂಪಿಗೆ ಏರಿತು. ಮುಚ್ಚಳದಿಂದ ಹಬೆ. ಶೆಡ್ ತುಂಬ ಬೆಂದ ಮೊಟ್ಟೆಯ ವಾಸನೆ. ಈಗ ಒಂದಲ್ಲ, ಎರಡು ಕಡೆ ಸೋರುತ್ತಿದೆ.

ಮಾರ್ಚ್ 8

ನಟ್ಟು ಬಿಚ್ಚಿ, ಮಗು ಎತ್ತಿಕೊಂಡಂತೆ ರೇಡಿಯೇಟರನ್ನು ಎತ್ತಿಕೊಂಡು ಹೋದೆ. ಹಳೆಯ ರೇಡಿಯೇಟರಿಗೆ ಬೆಸುಗೆ ಹಾಕುವವರು ಊರಿನಲ್ಲಿ ಉಳಿದಿರುವುದು ಒಬ್ಬರೇ. ನಡುವಯಸ್ಸಿನ ಹೆಂಗಸು, ಮೊಣಕೈವರೆಗೆ ಮಸಿ. ತಿರುಗಿಸಿ ಒಳಗೆ ಟಾರ್ಚ್ ಬಿಟ್ಟರು.

"ಯಾರ್ರೀ ಇದರಲ್ಲಿ ಆಮ್ಲೆಟ್ ಮಾಡಿದ್ದು?"

ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು, ಓಡಿಸಿದ್ದನ್ನೂ ಹೇಳಿದೆ. ಅವರು ಬಾಯಿಗಳಿಗೆ ರಬ್ಬರ್ ಬಿರಡೆ ಹೊಡೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಕೆಳಗಿನ ಅಂಚಿನುದ್ದಕ್ಕೂ ಗುಳ್ಳೆ.

"ಬೆಸುಗೆ ಮುದಿಯಾಗಿದೆ ಸಾರ್. ನೀವು ಓಡಿಸದಿದ್ರೂ ಇವತ್ತಲ್ಲ ನಾಳೆ ಬಿಡ್ತಿತ್ತು. ಆಮ್ಲೆಟ್ ಮಾತ್ರ ನಿಮ್ದು."

ಕೊಳವೆಗಳನ್ನೆಲ್ಲ ಕಡ್ಡಿ ಹಾಕಿ ಕೆರೆಯಬೇಕು. ಮಂಗಳವಾರ ಕೊಡುತ್ತಾರಂತೆ. ಬುಧವಾರ ಆಪರೇಷನ್.

ತಪ್ಪು ನನ್ನದಲ್ಲ ಅಂತ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಸುಳ್ಳಂತೂ ನನ್ನದೇ ತಾನೆ.

ಮಾರ್ಚ್ 10, ಬೆಳಿಗ್ಗೆ

ಅಕ್ಕ ಫೋನ್ ಮಾಡಿದಳು. "ಇಂಜಿನ್ ಶಬ್ದ ಕೇಳಬೇಕಂತೆ ಇವರಿಗೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಾ. ಅದಾದ್ರೂ ಕೇಳಿ ಸಮಾಧಾನವಾಗಿರಲಿ."

ಗಾಡಿಗೆ ರೇಡಿಯೇಟರೇ ಇಲ್ಲ. ಮುಂದೆ ಬರೀ ಬಾಯಿ. ಅರ್ಧ ನಿಮಿಷ ನೀರಿಲ್ಲದೆ ಓಡಿದರೆ ಏನೂ ಆಗದು ಅಂತ ರೇಡಿಯೇಟರಿನ ಹೆಂಗಸು ಹೇಳಿದರು. ಸ್ಟಾರ್ಟ್ ಮಾಡಿದೆ. ಇಪ್ಪತ್ತೆಂಟು ಸೆಕೆಂಡ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮಾರ್ಚ್ 10, ಸಂಜೆ

ಕೋಲು ಮುರಿಯಿತು.

ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಭಾವ ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಒತ್ತಿಕೊಂಡರು. ಮುಗಿಯಿತು. ಇನ್ನೊಮ್ಮೆ ಹಾಕಿಸಿಕೊಂಡರು. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ಯಂತ್ರಗಳ ನಡುವೆ ಕೂತ ಕಿವಿ ಅದು. ಮರೆತೇಬಿಟ್ಟಿದ್ದೆ.

"ಫ್ಯಾನ್ ಬಯಲಲ್ಲಿ ತಿರುಗ್ತಿದೆ," ಅಂದರು. "ಮುಂದೆ ಏನೂ ಅಡ್ಡ ಇಲ್ಲ. ರೇಡಿಯೇಟರ್ ಎಲ್ಲಿ?"

ಎಲ್ಲ ಹೇಳಿದೆ. ಸೇತುವೆ, ದಿಬ್ಬ, ತಟ್ಟೆ, ಮೊಟ್ಟೆ.

"ಹಳದೀನೂ ಹಾಕಿದ್ಯಾ?"

"ಇಲ್ಲ ಭಾವ. ಬಿಳಿ ಮಾತ್ರ."

"ಪರವಾಗಿಲ್ಲ. ಓದಿದವನು." ನಗಲಿಲ್ಲ. ಗೋಡೆ ಕಡೆಗೆ ತಿರುಗಿ ಮಲಗಿದರು. "ಒಂದಡಿ ಅಂದಿದ್ದೆ ನಿನಗೆ. ಹೋಗು."

ಎದ್ದೆ. ಬಾಗಿಲ ಹತ್ತಿರ ಬಂದಾಗ ಗೋಡೆಗೇ ಕೇಳಿದ ಹಾಗೆ ಕೇಳಿದರು, "ದಿಬ್ಬಾನ ಎರಡನೇ ಗೇರಲ್ಲೇ ಹತ್ತಿತಾ?"

"ಹತ್ತಿತು."

"ತುದಿವರೆಗೂ?"

"ತುದಿವರೆಗೂ. ಒಂದ್ಸಲಾನೂ ಕೆಮ್ಮಲಿಲ್ಲ."

"ನಾನು ಹತ್ತಿಸಿದ್ದೇ ಇಲ್ಲ ಕಣಯ್ಯ. ಸೇತುವೆ ಹತ್ರ ಬಂದು ತಿರುಗಿಸ್ಕೊಂಡು ಹೋಗ್ತಿದ್ದೆ. ಕೈಕೊಟ್ರೆ ಅಂತ ಭಯ. ಒಂಬತ್ತು ವರ್ಷ ಉಜ್ಜಿದ್ದೇ ಬಂತು." ಆಮೇಲೆ, "ಬುಧವಾರ ನನ್ನನ್ನ ಒಳಗೆ ತಗೊಂಡು ಹೋಗೋದ್ರೊಳಗೆ ಜೋಡಿಸ್ತೀಯಾ? ಬಿಚ್ಚಿ ಬಿದ್ದಿರೋ ಗಾಡಿ ಬಿಟ್ಟು ಹೋಗೋಕೆ ಮನಸ್ಸಿಲ್ಲ."

"ಹೋಗೋದು" ಅಂದರು. ಒಳಗೆ ಹೋಗುವುದಾ, ಅಥವಾ... ಕೇಳಲಿಲ್ಲ.

ಮಾರ್ಚ್ 11

ಅಂಗಡಿಗೆ ಬೀಗ. ರೇಡಿಯೇಟರ್ ತಂದೆ. ಹೊಸ ಬೆಸುಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಜೋಡಿಸಿ ನೀರು ತುಂಬಿದರೆ — ಕೆಳಗೆ ಟಪ್. ಹೋಸಿನ ಕ್ಲಿಪ್ ಸಡಿಲವಿತ್ತು. ಬಿಗಿ ಮಾಡಿದೆ. ಪೇಪರ್ ಹಾಸಿ ಎರಡು ಗಂಟೆ ಕಾದೆ. ಎದ್ದು ನೋಡಿದೆ, ಕೂತೆ, ಎದ್ದು ನೋಡಿದೆ. ಒಣಗಿದ ಪೇಪರ್. ವರ್ಷದ ಹಿಂದಿನದು. ಅದರ ರಾಶಿಫಲವನ್ನೂ ಓದಿದೆ.

ಮಾರ್ಚ್ 12, ಬೆಳಿಗ್ಗೆ 6.40, ಆಸ್ಪತ್ರೆ

ಸ್ಟ್ರೆಚರ್ ಹತ್ತಿರ ಬಗ್ಗಿ ಹೇಳಿದೆ: "ಜೋಡಿಸಿದೆ ಭಾವ. ಒಂದು ಹನಿ ಇಲ್ಲ."

ಹಲ್ಲಿನ ಸೆಟ್ ತೆಗೆದಿದ್ದರು. ಬೊಚ್ಚು ಬಾಯಲ್ಲಿ ಅಂದರು, "ಬಿಸಿ ಆದ್ಮೇಲೆ ಕ್ಲಿಪ್ ಇನ್ನೊಂದು ಸುತ್ತು ಬಿಗಿ ಮಾಡು." ಬಾಗಿಲು ಮುಚ್ಚಿಕೊಂಡಿತು.

9.30 — ಸುದ್ದಿಯಿಲ್ಲ.

11.10 — ಇಲ್ಲ. ಅಕ್ಕ ನನ್ನ ಅಂಗಿಯ ತೋಳಿನ ಗುಂಡಿ ತಿರುವುತ್ತಿದ್ದಾಳೆ. ಕಿತ್ತು ಬರುತ್ತದೆ. ಬರಲಿ.

12.00 — ಕಾಫಿ ತಂದೆ. ಇಬ್ಬರೂ ಕುಡಿಯಲಿಲ್ಲ.

1.25 — ಆಯಿತಂತೆ. ಚೆನ್ನಾಗಿ ಆಯಿತಂತೆ. ಅಕ್ಕ ಅಳುತ್ತಿದ್ದಾಳೆ. ನಾನು ಮೆಟ್ಟಿಲ ಹತ್ತಿರ ಬಂದು ಇದನ್ನು ಬರೆಯು —

ಮಾರ್ಚ್ 21, ಬೆಳಿಗ್ಗೆ 10.20, ಆಸ್ಪತ್ರೆ ಮುಂದೆ, ಗಾಡಿಯೊಳಗೆ

ಅವತ್ತು ಅಕ್ಕ ಕರೆದಳು, ವಾಕ್ಯ ಅರ್ಧಕ್ಕೇ ನಿಂತಿತು; ಆಮೇಲೆ ಒಂಬತ್ತು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಇವತ್ತು ಡಿಸ್ಚಾರ್ಜ್. ಟ್ಯಾಕ್ಸಿ ಹೇಳೋಣ ಅಂತ ಅಕ್ಕ. ಬಂದರೆ ನನ್ನ ಗಾಡಿಯಲ್ಲೇ, ಇಲ್ಲದಿದ್ದರೆ ಈ ಮಂಚದಲ್ಲೇ ಇರುತ್ತೇನೆ ಅಂತ ಭಾವ. ಅಕ್ಕ ಸೋತಳು.

ದಾರಿಯುದ್ದಕ್ಕೂ ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡಿದೆ. ಅರ್ಧದಿಂದ ಮೇಲೇರಲಿಲ್ಲ. ನಿಲ್ಲಿಸಿ ಇಪ್ಪತ್ತು ನಿಮಿಷ ಆಯಿತು. ನಾಲ್ಕು ಸಲ ಇಳಿದು ನೋಡಿದೆ. ಸೆಕ್ಯುರಿಟಿಯವ "ಏನು ಕಳ್ಕೊಂಡ್ರಿ ಸಾರ್?" ಅಂತ ತಾನೂ ಬಗ್ಗಿ ಹುಡುಕಿದ. ನೆಲ ಒಣಗಿದೆ.

ಬಂದರು. ಅಕ್ಕನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾರೆ. ಎಷ್ಟು ಇಳಿದುಹೋಗಿದ್ದಾರೆ. ಹಿಂದಿನ ಬಾಗಿಲು ತೆಗೆದಿಟ್ಟಿದ್ದೇನೆ, ದಿಂಬು ಇದೆ. ಆದರೆ ಬಾಗಿಲ ಕಡೆ ನೋಡುತ್ತಲೇ ಇಲ್ಲ. ಅಕ್ಕನ ಕೈ ಬಿಡಿಸಿಕೊಂಡು ನೇರ ಗಾಡಿಯ ಮುಂದಕ್ಕೆ ಬರುತ್ತಿದ್ದಾರೆ. ಬಗ್ಗಬಾರದು ಅಂತ ಡಾಕ್ಟರು ಮೂರು ಸಲ ಹೇಳಿದ್ದಾರೆ, ಹೊಲಿಗೆ ಇನ್ನೂ ಹಸಿ. ಅಕ್ಕ ಕೂಗುತ್ತಿದ್ದಾಳೆ. ಇವರು ಬಂಪರಿಗೆ ಕೈಯೂರಿ, ಕೆಳಗೆ ನೋಡಲು, ಬಗ್ಗಿಯೇಬಿಟ್ಟರು. ಒಣ ನೆಲ ಮುಟ್ಟಿದ ಬೆರಳನ್ನು ನನ್ನ ಕಡೆ ಎತ್ತಿ ತೋರಿಸುತ್ತ, ಈಗ ಹಿಂದಿನ ಬಾಗಿಲಿಗೆ ಬರುತ್ತಿದ್ದಾರೆ.